ಮೂರನೇ ಗಾಡಿ ಎಲ್ಲಿದೆ

ಫೆಬ್ರವರಿ ೬

ಬಂದು ಬಿದ್ದಾಯಿತು. ಕಬ್ಬಿಣದ ಮಂಚ, ಒಂದು ಕಾಲು ಗಿಡ್ಡವಾದ ಮೇಜು, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಫ್ಯಾನು. ಕಿಟಕಿಯಾಚೆ ಟ್ಯಾಂಕುಗಳ ಷೆಡ್ಡು, ಅದರಾಚೆ ಬಯಲು, ಬಯಲಿನಾಚೆಯೂ ಬಯಲೇ. ನಮ್ಮ ಸಂಶೋಧನಾ ಕಚೇರಿಯಲ್ಲಿ ಈ ಕೆಲಸಕ್ಕೆ ಆಗಬಹುದಾದವರು ನಾಲ್ವರಿದ್ದೆವು. ಒಬ್ಬನಿಗೆ ಬೆನ್ನುನೋವು ಬಂತು, ಒಬ್ಬಳಿಗೆ ತಂಗಿಯ ಮದುವೆ ಬಂತು. ಇನ್ನೊಬ್ಬನಿಗೆ ಏನೂ ಬರಲಿಲ್ಲ, ಆದರೆ ಅವನು ನಮ್ಮ ಸಾಹೇಬರ ಷಡ್ಡಕನ ಮಗ. ಉಳಿದದ್ದು ನಾನು.

ಟ್ಯಾಂಕುಗಳೊಳಗೆ ಹೊಸದಾಗಿ ಒಂದು ಸ್ಕ್ರೀನ್ ಕೂರಿಸಿದ್ದೇವೆ. ನಕ್ಷೆಯ ಮೇಲೆ ನಮ್ಮ ಗಾಡಿಗಳು ನೀಲಿ ಚುಕ್ಕೆ, ಶತ್ರುವಿನವು ಕೆಂಪು ಚುಕ್ಕೆ, ಮೇಲಿನಿಂದ ಬರುವ ಆಜ್ಞೆಗಳು ಬದಿಯಲ್ಲಿ. ಬಣ್ಣ, ಅಕ್ಷರ, ಜೋಡಣೆ ಎಲ್ಲ ನನ್ನದು. ಒಂದು ಟ್ಯಾಂಕಿನವರ ಜೊತೆ ಮೂರು ವಾರ ಇದ್ದು, ಕಾಳಗದ ಹೊತ್ತಿನಲ್ಲಿ ಅವರಿಗೆ ಯಾವ ಮಾಹಿತಿ ಬೇಕು, ಯಾವಾಗ ಬೇಕು, ಯಾವುದು ಬೇಡ ಎಂದು ವರದಿ ಬರೆಯಬೇಕು. ಸಾಹೇಬರು ಮುತುವರ್ಜಿಯಿಂದ ವರದಿಯ ಕೊನೆಯ ಪುಟವನ್ನು ಮೊದಲೇ ಬರೆದು ಕೊಟ್ಟಿದ್ದಾರೆ: ‘ಸಿಬ್ಬಂದಿ ಸಂಪೂರ್ಣ ತೃಪ್ತರಾಗಿದ್ದಾರೆ.’ ಉಳಿದ ಪುಟಗಳನ್ನು ತುಂಬುವ ಕೂಲಿ ಕೆಲಸ ನನ್ನದು.

ಫೆಬ್ರವರಿ ೭

ನನ್ನ ಪಾಲಿಗೆ ಬಂದ ತ್ರಿಮೂರ್ತಿಗಳ ದರ್ಶನವಾಯಿತು.

ಕಮಾಂಡರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ವೈರ್‌ಲೆಸ್ಸಿನಲ್ಲಿ ಯಾರಾದರೂ ಒಂದು ಪದ ಹೆಚ್ಚಿಗೆ ಮಾತಾಡಿದರೆ ಅಲ್ಲೇ ತಿದ್ದುತ್ತಾನಂತೆ. ನಲವತ್ತರ ಆಸುಪಾಸು, ಬಟ್ಟೆಯ ಜೊತೆ ಮುಖಕ್ಕೂ ಇಸ್ತ್ರಿ ಹಾಕಿಸಿಕೊಂಡಂತಿದ್ದಾನೆ. ಗುರಿಯಿಟ್ಟು ಹೊಡೆಯುವ ಗನ್ನರ್‌ಗೆ ನಿದ್ದೆಪ್ಪ ಎಂದು ಹೆಸರು. ದುರ್ಬೀನಿನ ರಬ್ಬರಿಗೆ ಹಣೆ ಆನಿಸಿಕೊಂಡೇ ಗೊರಕೆ ಹೊಡೆಯಬಲ್ಲ. ಡ್ರೈವರ್ ಪಾತಾಳ. ಟ್ಯಾಂಕಿನ ಮುಂಭಾಗದ ತಳದಲ್ಲಿ ಒಬ್ಬನೇ ಅಂಗಾತ ಬಿದ್ದುಕೊಂಡು ಓಡಿಸುವುದರಿಂದ ಆ ಬಿರುದು. ಗುಂಡು ತುಂಬುವ ನಾಲ್ಕನೆಯವನು ಹರ್ನಿಯಾ ಆಗಿ ಆಸ್ಪತ್ರೆಯಲ್ಲಿದ್ದಾನೆ. ಅವನು ಬರುವ ತನಕ ಅವನ ಸೀಟು ನನ್ನದು.

ಶಾಸ್ತ್ರೋಕ್ತವಾಗಿ ಮೂವರನ್ನೂ ಕೂರಿಸಿಕೊಂಡು ನಿಮಗೆ ಯಾವ ಮಾಹಿತಿ ಬೇಕು ಎಂದು ಕೇಳಿದೆ. ಊಟ ಎಷ್ಟು ಹೊತ್ತಿಗೆ ಅಂತ ಗೊತ್ತಾದರೆ ಸಾಕು ಅಂದ ನಿದ್ದೆಪ್ಪ. ಯಾಕೆ ನಿಂತ್ವಿ ಅಂತ ಯಾರಾದರೂ ಹೇಳಿದರೆ ಸಾಕು ಅಂದ ಪಾತಾಳ. ಮೇಷ್ಟ್ರು ಎದ್ದು ನಿಂತು ಕೈಪಿಡಿಯ ಒಂದು ಪುಟವನ್ನು ಬಾಯಿಪಾಠ ಒಪ್ಪಿಸಿದ. ಒಂದಕ್ಷರ ತಪ್ಪಲಿಲ್ಲ, ಒಂದಕ್ಷರ ಉಪಯೋಗಕ್ಕೂ ಬರಲಿಲ್ಲ. ಇಂಥವರ ಕೈಗೆ ನನ್ನ ಸ್ಕ್ರೀನ್.

ಫೆಬ್ರವರಿ ೯

ಮೊದಲ ಸವಾರಿ. ಡಬ್ಬದೊಳಗೆ ಕಲ್ಲು ಹಾಕಿ ಅಲ್ಲಾಡಿಸಿದರೆ ಕಲ್ಲಿಗೆ ಹೇಗನ್ನಿಸುತ್ತದೆ ಎಂದು ಈಗ ಗೊತ್ತು. ಡೀಸೆಲ್, ಗ್ರೀಸು, ಮೂವರ ಬೆವರು. ಹೆಡ್‌ಸೆಟ್ ಹಾಕಿಕೊಂಡರೆ ನಾಲ್ವರ ಉಸಿರಾಟವೂ ಕಿವಿಯೊಳಗೇ.

ಮೇಷ್ಟ್ರು ಮೇಲಿನ ಮುಚ್ಚಳ ತೆಗೆದು ತಲೆ ಹೊರಗೆ ಹಾಕಿ ನಿಂತಿದ್ದ. ನನ್ನ ಸ್ಕ್ರೀನ್ ಅವನ ಹೊಟ್ಟೆಯ ಮಟ್ಟದಲ್ಲಿ ಇರಬೇಕಿತ್ತು. ಅಲ್ಲಿ ಟೋಪಿ ಇತ್ತು. ಟೋಪಿಯ ಅಡಿಯಿಂದ ಕೀಂ ಕೀಂ ಅಂತ ಸದ್ದು ಬರುತ್ತಿತ್ತು.

“ಅದು ಟೋಪಿ ಇಡೋ ಜಾಗ ಅಲ್ಲ,” ಅಂದೆ.

“ಬೇರೆ ಗೂಟ ಕೊಟ್ಟಿಲ್ಲ ಮೇಡಂ.”

ಆಮೇಲೆ ವಿವರಣೆ ಕೊಟ್ಟ. ಅಡುಗೆ ಲಾರಿ ಎಲ್ಲಿದೆ ಅನ್ನುವುದಕ್ಕೂ ಕೀಂ, ಶತ್ರು ಬಂದ ಅನ್ನುವುದಕ್ಕೂ ಕೀಂ. ತನಗೆ ಎರಡು ಕಣ್ಣಿವೆ, ಅವು ಕಿರುಚುವುದಿಲ್ಲ. ಒಂದೂವರೆ ವರ್ಷ ದುಡಿದು ಮಾಡಿದ ವಸ್ತುವಿಗೆ ಈ ಮರ್ಯಾದೆ. ಮೂರ್ಖತನಕ್ಕೆ ಹೆಮ್ಮೆ ಬೇರೆ ಸೇರಿದರೆ ಕೇಳಬೇಕೆ.

ಪಾತಾಳನದು ಇನ್ನೊಂದು ಕಾಟ. ಗಾಡಿ ನಿಂತ ತಕ್ಷಣ ಕಿವಿಯಲ್ಲಿ, “ಯಾಕೆ ನಿಂತ್ವಿ?” ಬಸ್ಸಿನಲ್ಲಿ ಕಿಟಕಿ ಪಕ್ಕ ಸಿಗದ ಮಗುವಿನ ಹಾಗೆ. ಸುಮ್ಮನಿರು ಅನ್ನುತ್ತಾನೆ ಮೇಷ್ಟ್ರು. ಎರಡು ನಿಮಿಷ ಬಿಟ್ಟು ಮತ್ತೆ, “ಇನ್ನೂ ನಿಂತೇ ಇದ್ದೀವಾ?”

ಫೆಬ್ರವರಿ ೧೦

ಮೈಯೆಲ್ಲ ನೋವು. ಯಜಮಾನರ ಸಂದೇಶಗಳು: ಬಾತ್‌ರೂಮಿನ ನಲ್ಲಿ ಸೋರುತ್ತಿದೆ. ವಾಷರ್ ತಂದೆ. ಅಳತೆ ತಪ್ಪಿತು. ಇನ್ನೊಂದು ತಂದೆ. ಹಳೆಯದರ ಫೋಟೋ, ಹೊಸದರ ಫೋಟೋ. ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ಮನುಷ್ಯ, ಒಂದು ನಲ್ಲಿಗೆ ಇಷ್ಟು ಸಾಹಿತ್ಯ. ಕೊನೆಯಲ್ಲಿ, ಮಗಳು ಚೆನ್ನಾಗಿದ್ದಾಳೆ, ಶಾಲೆಗೆ ಹೋಗಿದ್ದಾಳೆ.

ಫೆಬ್ರವರಿ ೧೩

ಇವತ್ತು ನಾನೇ ಟೋಪಿ ಎತ್ತಿ ಪಕ್ಕಕ್ಕಿಟ್ಟೆ. ನಾವು ದಿಣ್ಣೆಯ ಮೇಲಿದ್ದೆವು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸ್ಕ್ರೀನಿನಲ್ಲಿ ನಮ್ಮ ಪಕ್ಕದ ಎರಡನೇ ಗಾಡಿ ಇನ್ನೂ ಕೆಳಗಿನ ತಗ್ಗಿನಲ್ಲೇ ಇತ್ತು, ಅಚ್ಚ ನೀಲಿಯಲ್ಲಿ ಹೊಳೆಯುತ್ತಾ. ತಲೆಯೆತ್ತಿ ನೋಡಿದರೆ ಅದು ಕೂಗಳತೆಯಲ್ಲಿ ನಿಂತು ಹೊಗೆ ಬಿಡುತ್ತಿದೆ.

ಸಂಜೆ ನಮ್ಮ ಪ್ರೋಗ್ರಾಮರುಗಳಿಗೆ ಫೋನ್ ಮಾಡಿದೆ. ತಗ್ಗಿನಲ್ಲಿ ವೈರ್‌ಲೆಸ್ ಸಿಗುವುದಿಲ್ಲವಂತೆ. ಸಿಗದಿದ್ದಾಗ ಚುಕ್ಕೆ ಕೊನೆಯ ಜಾಗದಲ್ಲೇ ಉಳಿಯುತ್ತದಂತೆ. ಹೊರಬಂದ ಮೇಲೂ ಮತ್ತೆ ಜೋಡಿಕೊಳ್ಳಲು ಹೊತ್ತು ಹಿಡಿಯುತ್ತದಂತೆ. ಹಾಗಾದರೆ ಹಳೆಯ ಚುಕ್ಕೆ, ಹೊಸ ಚುಕ್ಕೆ ಒಂದೇ ಬಣ್ಣದಲ್ಲಿ ಯಾಕಿವೆ ಎಂದೆ. “ಖಾಲಿ ಬಿಡೋಕಾಗುತ್ತಾ ಮೇಡಂ?” ಅಂದ ಅವರ ಮುಖ್ಯಸ್ಥ, ಊಟಕ್ಕೆ ಕೂತವರ ಎಲೆಯ ಬಗ್ಗೆ ಮಾತಾಡುವ ಹಾಗೆ. ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಬೆಳೆದ ತಲೆಗಳು.

ಫೆಬ್ರವರಿ ೧೪

ಗಾಡಿ ಕೆಟ್ಟು ಮಧ್ಯಾಹ್ನವೆಲ್ಲ ಬಯಲಲ್ಲೇ. ಬೇಸರಕ್ಕೆ ಪಾತಾಳನ ಜಾಗದಲ್ಲಿ ಇಳಿದು ನೋಡಿದೆ. ಹೊರಗಿನಿಂದ ಮುಚ್ಚಳ ಹಾಕಿದರು. ಮೂರು ಸೀಳು ಗಾಜು. ಒಂದರಲ್ಲಿ ಹುಲ್ಲು, ಒಂದರಲ್ಲಿ ಕಲ್ಲು, ಒಂದರಲ್ಲಿ ಮತ್ತೆ ಹುಲ್ಲು. ಬೆನ್ನ ಹಿಂದೆ ಯಾರೋ ನಡೆದಾಡುತ್ತಿದ್ದರು, ಏನೋ ಬಿತ್ತು, ಯಾರೋ ಬೈದರು. ಯಾಕೆಂದು ತಿಳಿಯಲಿಲ್ಲ. ಮುಚ್ಚಳ ತೆಗೆಯುವ ಹೊತ್ತಿಗೆ ನನ್ನ ಅಂಗೈ ಒದ್ದೆಯಾಗಿತ್ತು. ಸೆಖೆ, ಅಷ್ಟೇ.

ನಾನು ವಿನ್ಯಾಸ ಮಾಡಿದ ಸ್ಕ್ರೀನ್ ಡ್ರೈವರಿಗೆ ಇಲ್ಲ. ಅವನಿಗೆ ಬೇಕು ಎಂದು ಯಾರಿಗೂ ಹೊಳೆದಿರಲಿಲ್ಲ. ವರದಿಯಲ್ಲಿ ಸಣ್ಣ ಟಿಪ್ಪಣಿ ಹಾಕಬೇಕು.

ಫೆಬ್ರವರಿ ೧೬

ನಾನು ಕಾಯುತ್ತಿದ್ದದ್ದು ಆಗಿಯೇ ಹೋಯಿತು.

ಎರಡು ಕಡೆ ಮಾಡಿಕೊಂಡು ಆಡುವ ಅಣಕು ಕಾಳಗ. ನಿಜವಾದ ಗುಂಡಿಲ್ಲ, ಹೊಡೆದರೆ ಬೆಳಕಿನ ಕಿರಣ ಹೋಗಿ ಆ ಗಾಡಿಯ ಮೇಲೆ ದೀಪ ಹತ್ತುತ್ತದೆ. ಬಿಸಿಲು ಏರಿದ ಮೇಲೆ ಗಾಳಿ ಎದ್ದು ಬಯಲೆಲ್ಲ ಧೂಳಿನ ಗೋಡೆಯಾಯಿತು. ಮೇಷ್ಟ್ರ ಎರಡು ಕಣ್ಣಿಗೆ ಆ ಗೋಡೆಯೊಳಗೆ ಒಂದು ಟ್ಯಾಂಕು ಕಂಡಿತು. ಶತ್ರು ಅಂದ. ನಿದ್ದೆಪ್ಪ ಎಚ್ಚರವಾಗಿದ್ದ, ಗುರಿ ತಪ್ಪಲಿಲ್ಲ. ದೀಪ ಹತ್ತಿತು. ಅದು ನಮ್ಮದೇ ಮೂರನೇ ಗಾಡಿ.

ಆಮೇಲೆ ಹೆಡ್‌ಸೆಟ್ಟಿನಲ್ಲಿ ಪಾತಾಳ, “ಏನಾಯ್ತು? ಯಾರಾದ್ರೂ ಹೇಳ್ರಪ್ಪ,” ಅಂತ ಕೇಳುತ್ತಲೇ ಇದ್ದ.

“ನಮ್ಮವರನ್ನೇ ಹೊಡೆದ್ವಿ,” ಅಂದೆ. ಯಾರಾದರೂ ಹೇಳಲೇಬೇಕಿತ್ತು.

ಅಭ್ಯಾಸ ನೋಡಿಕೊಳ್ಳುವ ಮೇಜರ್ ಎಲ್ಲರೆದುರು ಚಪ್ಪಾಳೆ ತಟ್ಟಿದ. ಮೇಷ್ಟ್ರು ಟೋಪಿ ಹಾಕಿಕೊಂಡು ಸೆಟೆದು ನಿಂತಿದ್ದ. ಸ್ಕ್ರೀನ್ ಮುಚ್ಚಿದ್ದ ಅದೇ ಟೋಪಿ. ನಗು ಬರಬೇಕಿತ್ತು.

ಫೆಬ್ರವರಿ ೧೭

ಸುದ್ದಿ ಸಾಹೇಬರಿಗೆ ಅದು ಹೇಗೋ ಮುಟ್ಟಿದೆ. ಫೋನಿನಲ್ಲೇ ಸಿಹಿ ಹಂಚುವಷ್ಟು ಖುಷಿ. ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ, ಸ್ಕ್ರೀನ್ ನೋಡದ ಕಮಾಂಡರ್ ತನ್ನವರನ್ನೇ ಹೊಡೆದ ಅಂತ ಮೊದಲ ಪುಟದಲ್ಲೇ ಹಾಕಿ ಅಂದರು. ಹಾಗೆ ಬರೆದರೆ ಮೇಷ್ಟ್ರನ್ನು ಗಾಡಿಯಿಂದ ಇಳಿಸುತ್ತಾರೆ. ಇಳಿಸಲಿ, ತಾನೇ ಮಾಡಿಕೊಂಡದ್ದು.

ಫೆಬ್ರವರಿ ೧೮

ಬರೆಯಲು ಕೂತೆ. ಬರೆಯುವ ಮುಂಚೆ, ಮೊನ್ನೆ ಸ್ಕ್ರೀನಿನಲ್ಲಿ ಏನು ಕಾಣುತ್ತಿತ್ತು ಎಂದು ಕಂಪ್ಯೂಟರಿನಲ್ಲಿ ಮತ್ತೆ ಓಡಿಸಿ ನೋಡಿದೆ. ಆ ಗಳಿಗೆಯಲ್ಲಿ ಮೂರನೇ ಗಾಡಿಯ ಚುಕ್ಕೆ ದಿಣ್ಣೆಯ ಹಿಂದಿನ ತಗ್ಗಿನಲ್ಲಿತ್ತು. ಗಾಡಿ ತಗ್ಗು ಬಿಟ್ಟು ನಮ್ಮೆದುರಿಗೆ ಬಂದಾಗಿತ್ತು, ಚುಕ್ಕೆಗೆ ಸುದ್ದಿ ಮುಟ್ಟಿರಲಿಲ್ಲ. ಅಂದರೆ ಟೋಪಿ ತೆಗೆದು ನೋಡಿದ್ದರೆ ಮೇಷ್ಟ್ರಿಗೆ ಇದ್ದ ಚೂರುಪಾರು ಅನುಮಾನವೂ ಹೋಗುತ್ತಿತ್ತು. ನಮ್ಮವರು ಅಲ್ಲಿದ್ದಾರೆ, ಎದುರಿಗಿರುವುದು ಶತ್ರುವೇ ಸೈ ಎಂದು ಇನ್ನೂ ಬೇಗ ಹೊಡೆಯುತ್ತಿದ್ದರು.

ಸಾಹೇಬರು ಹೇಳಿದ ವಾಕ್ಯ ಬರೆಯಲಿಲ್ಲ. ಕನಿಕರ ಗಿನಿಕರ ಏನಿಲ್ಲ. ಸುಳ್ಳು ವಾಕ್ಯ ನನ್ನ ಕೈಯಲ್ಲಿ ಚೆನ್ನಾಗಿ ಬರುವುದಿಲ್ಲ.

ಮಧ್ಯಾಹ್ನ ಷೆಡ್ಡಿಗೆ ಹೋಗಿ ಮೇಷ್ಟ್ರಿಗೆ ಅದನ್ನು ಹೇಳಿದೆ. ಸಮಾಧಾನವಾಗಬಹುದು ಅಂದುಕೊಂಡಿದ್ದೆ. ಕೈಯಲ್ಲಿದ್ದ ಚಿಂದಿಯಿಂದ ಬೆರಳು ಒಂದೊಂದಾಗಿ ಒರೆಸಿಕೊಂಡರು.

“ಅದು ತಪ್ಪು ತೋರಿಸ್ತಿತ್ತು ಅನ್ನೋದು ನನಗೆ ಗೊತ್ತಿರ್ಲಿಲ್ಲವಲ್ಲ ಮೇಡಂ. ನಾನು ನೋಡ್ಲೇ ಇಲ್ಲ. ಅದು ಬೇರೆ ತಪ್ಪು, ಇದು ಬೇರೆ ತಪ್ಪು.”

ತಿದ್ದುವ ಚಟ. ತನ್ನನ್ನೂ ಬಿಡುವುದಿಲ್ಲ ಆ ಮನುಷ್ಯ.

ಫೆಬ್ರವರಿ ೨೦

ನಮ್ಮ ಗಾಡಿ ಇಡೀ ದಿನ ಓಡಿತು. ನಿಂತಾಗಲೆಲ್ಲ ಯಾಕೆ ನಿಂತೆವು ಎಂದು ನಾನೇ ಪಾತಾಳನಿಗೆ ಹೇಳುತ್ತಾ ಹೋದೆ. ಅವನ ಕಿರಿಕಿರಿ ತಪ್ಪಲಿ ಎಂದು. ಸಂಜೆಯಾದಾಗ ಗಮನಿಸಿದೆ, ಬೆಳಗಿನಿಂದ ಅವನು ಒಂದು ಸಲವೂ ಕೇಳಿರಲಿಲ್ಲ. ಮೇಷ್ಟ್ರ ಟೋಪಿ ತಲೆಯ ಮೇಲೇ ಇತ್ತು. ನಿದ್ದೆಪ್ಪ ನನಗೆ ತನ್ನ ಪಾಲಿನ ಬಿಸ್ಕತ್ತು ಕೊಟ್ಟ, ಅರ್ಧ ತಿಂದದ್ದು. ಕೊಳಕು.

ಫೆಬ್ರವರಿ ೨೧

ಮಗಳಿಗೆ ಜ್ವರ ಬಂದು ಹೋಗಿದೆ. ಹೋಗಿದೆ! ನಾಲ್ಕು ದಿನ ಮಲಗಿದ್ದಳಂತೆ, ಒಂದು ಇರುಳು ಮೈ ಸುಡುತ್ತಿತ್ತಂತೆ, ಆಸ್ಪತ್ರೆಗೂ ಹೋಗಿ ಬಂದರಂತೆ. ಇವತ್ತು ಅವಳೇ ಬಾಯಿಬಿಟ್ಟಳು. ಆ ನಾಲ್ಕು ದಿನವೂ ನನಗೆ ಸಂದೇಶ ಬಂದಿತ್ತು, ನಲ್ಲಿಯ ಬಗ್ಗೆ, ಪಕ್ಕದ ಮನೆಯ ನಾಯಿಯ ಬಗ್ಗೆ. ಶಾಲೆಗೆ ಹೋಗಿದ್ದಾಳೆ ಅಂತ ಒಮ್ಮೆ ಹೇಳಿದ್ದನ್ನೇ ನಂಬಿಕೊಂಡು ನಾನು ಇಲ್ಲಿ ಕೂತು, ಈಗ ಚಿತ್ರ ಬರೆಯುತ್ತಿರಬೇಕು, ಈಗ ಬಸ್ಸು ಹತ್ತಿರಬೇಕು ಅಂತ ಅಂದುಕೊಳ್ಳುತ್ತಿದ್ದೆ.

“ನಿಂಗೆ ಗಾಬರಿ ಆಗೋದು ಬೇಡ ಅಂತ ಹೇಳ್ಲಿಲ್ಲ,” ಅಂದರು ಯಜಮಾನರು.

“ನೀವು ಏನೂ ಹೇಳದೇ ಇದ್ದಿದ್ರೆ ನಾನೇ ಫೋನ್ ಮಾಡಿ ಕೇಳ್ತಿದ್ದೆ ಕಣ್ರೀ,” ಅಂದೆ. ಫೋನ್ ಇಟ್ಟೆ.

ಆ ಸಿಟ್ಟಿನಲ್ಲೇ ಸಾಹೇಬನಿಗೆ ಫೋನ್ ಹಚ್ಚಿದೆ. ಸುದ್ದಿ ಹಳೆಯದಾದ ಚುಕ್ಕೆ ಬೂದು ಬಣ್ಣಕ್ಕೆ ತಿರುಗಬೇಕು, ಪ್ರೋಗ್ರಾಮರುಗಳಿಗೆ ಒಂದು ವಾರದ ಕೆಲಸ, ಇಪ್ಪತ್ತನಾಲ್ಕಕ್ಕೆ ಇಟ್ಟಿರುವ ಪ್ರದರ್ಶನ ಮುಂದೆ ಹಾಕಿ ಎಂದೆ. ಆ ದಿನ ನಿಜವಾದ ಗುಂಡು, ಮೇಲಿನವರು ನೋಡಲು ಬರುತ್ತಾರೆ.

“ಪರದೆ ತುಂಬ ಬೂದು ಚುಕ್ಕೆ ಕಂಡ್ರೆ ಮೇಲಿನವರಿಗೆ ಏನನ್ಸುತ್ತೆ? ಯೋಚನೆ ಮಾಡಿ ಮೇಡಂ,” ಅಂದ. ಅವನ ಯೋಚನೆ ಅಲ್ಲಿಗೆ ಮುಗಿಯುತ್ತದೆ. ಮೇಜರನಿಗೂ ಹೇಳಿದೆ. ತಾರೀಕು ಬದಲಿಸುವುದು ತನ್ನ ಕೈಯಲ್ಲಿಲ್ಲ ಎಂದು ಹಲ್ಲು ಕಿರಿದ.

ಫೆಬ್ರವರಿ ೨೪

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಗುಂಡು ತುಂಬುವವನು ಆಸ್ಪತ್ರೆಯಿಂದ ಬಂದಿದ್ದ. ಹಾಗಾಗಿ ನಾನು ನಿಯಂತ್ರಣ ಗೋಪುರದ ಮೇಲೆ, ಅತಿಥಿಗಳ ಹಿಂದಿನ ಸಾಲಿನಲ್ಲಿ. ಮೆತ್ತನೆ ಕುರ್ಚಿ, ಚಹಾ, ಗೋಡೆಯಗಲದ ಪರದೆಯಲ್ಲಿ ನನ್ನ ನಕ್ಷೆ. ಸಾಹೇಬ ಹೊಸ ಕೋಟು ತೊಟ್ಟು ಕೋಲು ಹಿಡಿದು ವಿವರಿಸುತ್ತಿದ್ದ. ಪ್ರತಿಯೊಂದು ಗಾಡಿ ಎಲ್ಲಿದೆ ಎಂದು ನಾವು ಇಲ್ಲಿಂದಲೇ, ಚಹಾ ಕುಡಿಯುತ್ತಲೇ ನೋಡಬಹುದು ಅಂದ. ಅತಿಥಿಗಳು ನಕ್ಕರು.

ಮೊದಲ ಎರಡು ಗಾಡಿ ನೇರವಾಗಿ ದಿಣ್ಣೆಗೆ ಏರಿ, ಆಚೆಯ ಕಣಿವೆಯ ಬಾಯಲ್ಲಿರುವ ಗುರಿಗೆ ಹೊಡೆಯಬೇಕು. ಮೂರನೆಯದು ಎಡಗಡೆಯ ತಗ್ಗಿನಲ್ಲಿ ಬಳಸಿ ಬರಬೇಕು. ಮೊದಲೆರಡು ಏರಿ ನಿಂತವು. ಮೂರನೇ ಚುಕ್ಕೆ ತಗ್ಗಿನ ಎಡತುದಿಯಲ್ಲಿ, ಇರಬೇಕಾದಲ್ಲೇ, ಚೆಂದವಾಗಿ ಹೊಳೆಯುತ್ತಿತ್ತು. ತುಂಬ ಹೊತ್ತಿನಿಂದ ಅಲ್ಲೇ ಇತ್ತು.

ವೈರ್‌ಲೆಸ್ಸಿನ ಹುಡುಗಿಯ ಬಳಿ ಹೋಗಿ, ಮೂರನೇ ಗಾಡಿಯವರು ಕೊನೆಯದಾಗಿ ಯಾವಾಗ ಮಾತಾಡಿದರು ಎಂದು ಕೇಳಿದೆ. ಮಾತಾಡಿಲ್ಲ ಅಂದಳು. ಕರೆದು ಕೇಳಿದಿರಾ ಎಂದೆ.

“ಯಾಕೆ ಮೇಡಂ? ಚುಕ್ಕೆ ಕಾಣ್ತಿದೆಯಲ್ಲ,” ಅಂದಳು.

ಮೇಜರ್ ಕಡೆ ತಿರುಗಿದೆ. ಅವನು ಯಾರಿಗೋ ದುರ್ಬೀನು ಸರಿಮಾಡಿ ಕೊಡುತ್ತಿದ್ದ, ಒಂದು ನಿಮಿಷ ಎಂದು ಬೆರಳು ತೋರಿಸಿದ. ಅಷ್ಟರಲ್ಲಿ ಹೊಡೆಯಲು ಅಪ್ಪಣೆ ಹೋಗಿಬಿಟ್ಟಿತು. ಸ್ಪೀಕರಿನಲ್ಲಿ ಮೇಷ್ಟ್ರ ದನಿ, ಗುರಿ ಹಿಡಿದಿದ್ದೇವೆ ಎಂದು.

ಆ ಹುಡುಗಿಯ ಕೈಯಿಂದ ಮೈಕು ಕಿತ್ತುಕೊಂಡೆ. “ಹೊಡೀಬೇಡಿ. ಎಲ್ಲಾ ಗಾಡಿ ನಿಲ್ಲಿಸಿ.”

ಗೋಪುರದಿಂದ ಯಾರೇ ನಿಲ್ಲಿಸು ಎಂದರೂ ನಿಲ್ಲಿಸಬೇಕು ಎಂಬುದು ಬಯಲಿನ ನಿಯಮ. ಆದರೂ ಆ ಎರಡು ಕ್ಷಣ ನನ್ನ ಕಿವಿ ಸದ್ದಿಗಾಗಿ ಕಾದು ಬಿಗಿದುಕೊಂಡಿತ್ತು. ಆಮೇಲೆ ಮೇಷ್ಟ್ರು: “ಒಂದನೇ ಗಾಡಿ. ನಿಲ್ಲಿಸಿದ್ದೇವೆ. ಕಾರಣ?”

“ಮೂರನೇ ಗಾಡಿ ಎಲ್ಲಿದೆ ಗೊತ್ತಿಲ್ಲ.”

ಗೋಪುರದಲ್ಲಿ ಚಹಾ ಕಪ್ಪುಗಳೆಲ್ಲ ಹಾಗೇ ನಿಂತವು. ಸಾಹೇಬ ಕೋಲಿನಿಂದ ನೀಲಿ ಚುಕ್ಕೆ ತೋರಿಸಿ, “ಇಲ್ಲಿದೆಯಲ್ರೀ!” ಅಂದ. ಮೇಜರ್ ಬಂದು ನನ್ನನ್ನು ಸರಿಸಿ ಮೂರನೇ ಗಾಡಿಯನ್ನು ಕರೆದ. ಉತ್ತರ ಬರಲಿಲ್ಲ. ಮತ್ತೆ ಕರೆದ. ಆಗ ಅವನ ಮುಖದ ಬಣ್ಣ ನೋಡಬೇಕಿತ್ತು.

ಜೀಪು ಕಳಿಸಿದರು. ತಗ್ಗಿನಲ್ಲಿ ಹೊಸದಾಗಿ ಕೊರೆದ ಹಳ್ಳ ಸಿಕ್ಕಿ, ಅವರು ಎಡಕ್ಕೆ ಹೋಗುವ ಬದಲು ಬಲಕ್ಕೆ ತಿರುಗಿ ಕಣಿವೆಯ ಬಾಯಿಯ ಪಕ್ಕಕ್ಕೆ ಬಂದಿದ್ದರು. ಅಲ್ಲಿ ಚೈನು ಕಳಚಿಕೊಂಡಿತ್ತು. ಮೂರು ಜನ ಗಾಡಿಯಿಂದ ಇಳಿದು ಸುತ್ತಿಗೆ ಹಿಡಿದು ಅದನ್ನು ಕೂರಿಸುತ್ತಿದ್ದರು.

ಕೋಣೆಗೆ ಬಂದವಳೇ ಮನೆಗೆ ಫೋನ್ ಮಾಡಿದೆ. ಮಗಳು ಈಗ ಎಲ್ಲಿದ್ದಾಳೆ, ಈಗ ಅಂದರೆ ಈಗ, ಎಂದು ಕೇಳಿದೆ. ಇಲ್ಲೇ ಸೋಫಾ ಮೇಲೆ ತಲೆಕೆಳಗಾಗಿ ಕೂತು ಟಿವಿ ನೋಡುತ್ತಿದ್ದಾಳೆ ಅಂದರು. ಅಷ್ಟು ಸಾಕಾಯಿತು. ಯಜಮಾನರು ನಲ್ಲಿಯ ಸುದ್ದಿ ಎತ್ತಲಿಲ್ಲ. ಸೋರುವುದು ನಿಂತಿತೇ ಎಂದು ನಾನೇ ಕೇಳಿದೆ.

ಫೆಬ್ರವರಿ ೨೫

ವಿಚಾರಣೆ. ಉದ್ದನೆ ಮೇಜು, ನೀರಿನ ಬಾಟಲಿಗಳು. ಮೇಜರ್ ನಕ್ಷೆಯ ಮೇಲೆ ಸ್ಕೇಲು ಇಟ್ಟು ತೋರಿಸಿದ. ಗುಂಡು ಹೋಗುವ ದಾರಿಗೂ ಆ ಮೂವರು ನಿಂತಿದ್ದ ಜಾಗಕ್ಕೂ ಸಾಕಷ್ಟು ಅಂತರವಿತ್ತು. ಗುಂಡು ನೇರವಾಗಿ ಹೋಗಿದ್ದರೆ ಏನೂ ಆಗುತ್ತಿರಲಿಲ್ಲ. ಬಹುಶಃ.

“ಅಂದ್ರೆ ಅಪಾಯ ಇರ್ಲಿಲ್ಲ,” ಅಂದ ಸಾಹೇಬ, ಬಾಟಲಿಯ ಮುಚ್ಚಳ ತಿರುಗಿಸುತ್ತಾ. “ಮೇಡಮ್ಮಿಗೆ ಮನೆಯಲ್ಲಿ ಏನೋ ತೊಂದರೆ, ಮಗುವಿಗೆ ಹುಷಾರಿಲ್ಲ. ಸ್ವಲ್ಪ ಉದ್ವೇಗ.”

ಆವತ್ತು ಫೋನಿನಲ್ಲಿ ಸಿಟ್ಟಿನ ಭರಕ್ಕೆ ಅವನಿಗೆ ಅದನ್ನು ಹೇಳಿದವಳು ನಾನೇ. ಮುಖಕ್ಕೆ ನೀರು ಎರಚಬೇಕು ಅನ್ನಿಸಿತು. ಎರಚಲಿಲ್ಲ. ಬಾಟಲಿ ಅವನ ಕೈಯಲ್ಲಿತ್ತು.

ಮೇಷ್ಟ್ರನ್ನು ಕರೆಸಿದರು. ಸೇನೆಗೆ ಸೇರದ ಹೆಂಗಸೊಬ್ಬಳ ಮಾತಿಗೆ ಗುಂಡು ನಿಲ್ಲಿಸಿದೆಯಾ ಎಂದು ಹಿರಿಯ ಅಧಿಕಾರಿ ಕೇಳಿದರು.

“ನಿಲ್ಲಿಸಿ ಅಂದಾಗ ನಿಲ್ಲಿಸಿದೆ ಸರ್, ಅದು ನಿಯಮ. ಆಮೇಲೆ ಕಾರಣ ಕೇಳಿದೆ. ಸರಿಯಾದ ಕಾರಣ ಬಂತು.” ಆಮೇಲೆ ಸೇರಿಸಿದರು, “ಹದಿನಾರನೇ ತಾರೀಕು ನಾನು ಸ್ಕ್ರೀನ್ ಮುಚ್ಚಿಟ್ಟಿದ್ದೆ. ಅದೂ ಬರ್ಕೊಳ್ಳಿ.”

ಯಾರೂ ಕೇಳಿರಲಿಲ್ಲ ಅದನ್ನು. ಬರೆದುಕೊಂಡರು. ಎರಡು ತಿಂಗಳು ಅವರನ್ನು ಗಾಡಿಯಿಂದ ಇಳಿಸಿ ಉಗ್ರಾಣಕ್ಕೆ ಹಾಕಿದ್ದಾರೆ. ಇನ್ನು ಮುಂದೆ ಚುಕ್ಕೆ ಎಲ್ಲೇ ಕಾಣಲಿ, ಹೊಡೆಯುವ ಮುಂಚೆ ಪ್ರತಿ ಗಾಡಿಯೂ ಬಾಯಿಬಿಟ್ಟು ತಾನೆಲ್ಲಿದ್ದೇನೆಂದು ಹೇಳಲೇಬೇಕು ಎಂದು ಹಿರಿಯ ಅಧಿಕಾರಿ ಆಜ್ಞೆ ಹೊರಡಿಸಿದರು. ಅಪಾಯ ಇರಲೇ ಇಲ್ಲ ಎಂದ ಮೇಲೆ ಈ ಆಜ್ಞೆ ಯಾಕೋ. ಕೇಳುವಷ್ಟು ಬುದ್ಧಿ ಸಾಹೇಬನಿಗಿಲ್ಲ.

ಹೊರಗೆ ಬಂದ ಮೇಲೆ ಕೊನೆಯ ಪುಟಕ್ಕೆ ಸಹಿ ಕೇಳಿದ. ಸಂಪೂರ್ಣ ತೃಪ್ತರು. ಮಾಡಲಿಲ್ಲ. ನನ್ನ ವರದಿಯನ್ನು ಅವನಿಗಲ್ಲದೆ ಹಿರಿಯ ಅಧಿಕಾರಿಗೂ ಕಳಿಸಿದ್ದೇನೆ ಎಂದೆ. ಮುಂದಿನ ವಾರದಿಂದ ನನಗೆ ನೀರು ಪಂಪಿನ ಮೀಟರುಗಳ ವಿನ್ಯಾಸವಂತೆ. ಪಂಪುಗಳಾದರೂ ಕೋಟು ಹಾಕುವುದಿಲ್ಲ.

ಫೆಬ್ರವರಿ ೨೭

ಬೆಳಿಗ್ಗೆ ಉಗ್ರಾಣಕ್ಕೆ ಹೋಗಿ ಮೇಷ್ಟ್ರಿಗೆ ಹೊರಟೆ ಎಂದು ಹೇಳಿ ಬಂದೆ. ಬೋಲ್ಟುಗಳನ್ನು ಅಳತೆ ಪ್ರಕಾರ ಬೇರೆ ಮಾಡುತ್ತಿದ್ದರು, ಹಿಂದಿನವರು ಎಲ್ಲ ಕಲಸಿಟ್ಟಿದ್ದಾರೆ ಎಂದು ಬೇಸರ ಮಾಡಿಕೊಂಡರು. ನಿದ್ದೆಪ್ಪ ಎದ್ದಿರಲಿಲ್ಲ. ಪಾತಾಳ ನನ್ನ ಪೆಟ್ಟಿಗೆ ಹೊತ್ತುಕೊಂಡು ಬಂದ. ಕಚೇರಿಯ ಜೀಪು ಇನ್ನೂ ಬಂದಿರಲಿಲ್ಲ. ಯಾಕೆ ತಡ ಎಂದು ನಾನು ಮೂರು ಸಲ ಕೇಳಿದೆನಂತೆ, ನಕ್ಕು ಹೋದ.

ಮೆಟ್ಟಿಲ ಮೇಲೆ ಕೂತು ಕಾಯುತ್ತಿದ್ದಾಗ ಒಬ್ಬ ಬಂದು ಎದುರಿಗೆ ನಿಂತ. ಯಾರೋ ಗೊತ್ತಾಗಲಿಲ್ಲ. ದಪ್ಪನೆ ಆಳು, ಹೆಬ್ಬೆರಳಿಗೆ ಬ್ಯಾಂಡೇಜು, ನನ್ನ ಚಪ್ಪಲಿಯನ್ನೇ ನೋಡುತ್ತಿದ್ದ. ಬಾಯಿ ಇದ್ದೂ ಆಡಲು ಬಾರದ ಜನ ಎಂದು ಬೇಸರ ಬಂತು. ಏನು ಎಂದು ಕೇಳಿದೆ.

ಮೂರನೇ ಗಾಡಿಯ ಡ್ರೈವರ್ ಅಂದ. ಆವತ್ತು ಸುತ್ತಿಗೆ ಹಿಡಿದಿದ್ದವರಲ್ಲಿ ತಾನೂ ಒಬ್ಬ. ಅವರ ವೈರ್‌ಲೆಸ್ ಸತ್ತಿತ್ತು. ಗುರಿ ಆ ಕಡೆಗೇ ಇದೆ ಎಂದು ಅವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗುಂಡು ನಮ್ಮ ಹತ್ತಿರಕ್ಕೂ ಬರುತ್ತಿರಲಿಲ್ಲ ಅಂತ ಎಲ್ಲರೂ ಹೇಳುತ್ತಿದ್ದಾರೆ, ಇರಬಹುದು ಅಂದ. ಜೀಪು ಗೇಟಿನೊಳಗೆ ಬಂತು. ನಾನು ಎದ್ದೆ.

“ನಾವು ಹೊರಗಡೆ ನಿಂತಿದ್ವಿ ಅಂತ ನಿಮಗೆ ಹೇಗೆ ಗೊತ್ತಾಯ್ತು ಮೇಡಂ?” ಅಂದ.

“ಗೊತ್ತಿರ್ಲಿಲ್ಲ,” ಅಂದೆ. “ಅದಕ್ಕೇ ಕೂಗಿದೆ.”